ಮದ್ದಿನ ಮನೆಯ ಮಣ್ಣು

ನಮ್ಮ ಯಜಮಾನರಿಗೆ ಯಾರೋ ಮದ್ದು ಹಾಕಿದ್ದಾರೆ ಎಂದು ಮೊದಲು ಹೇಳಿದವರು ಅವರ ಅಕ್ಕ. ನನಗೆ ಅತ್ತಿಗೆಯಾಗಬೇಕು. ಕುಣಿಗಲ್ ಕಡೆಯ ಹಳ್ಳಿಯಿಂದ ಆಗೀಗ ಅವರೆಕಾಯಿಯನ್ನೋ ರಾಗಿಹಿಟ್ಟನ್ನೋ ಹೊತ್ತುಕೊಂಡು ಪೀಣ್ಯದ ನಮ್ಮ ಬಾಡಿಗೆ ಮನೆಗೆ ಬರುತ್ತಾರೆ. ಆ ಸಲ ಬಂದವರು ಚೀಲ ಇಳಿಸುವುದಕ್ಕೆ ಮೊದಲೇ ತಮ್ಮನ ಮುಖ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

"ಏನೋ ಇದು, ಇಂಗಾಗೋಗಿದ್ದೀಯ? ಕತ್ತಿನ ಮೂಳೆ ಎದ್ದು ಕಾಣ್ತಾವಲ್ಲೋ."

"ಕೆಲಸ ಜಾಸ್ತಿ ಕಣಕ್ಕ" ಎಂದು ಹೇಳಿ ಇವರು ಕೆಮ್ಮಿದರು.

"ಕೆಲಸ ಎಲ್ರಿಗೂ ಜಾಸ್ತಿ. ಕೆಲಸ ಮಾಡೋರೆಲ್ಲ ಇಂಗೆ ಒಣಗ್ತಾರಾ?"

ಮದ್ದು ಹಾಕುವುದು ಎಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಗದವರು ಊಟದಲ್ಲಿ ಏನೋ ಬೆರೆಸಿ ಬಡಿಸುತ್ತಾರೆ, ಅದು ಹೊಟ್ಟೆಯ ಗೋಡೆಗೆ ಅಂಟಿಕೊಂಡು ಕೂರುತ್ತದೆ, ಆಮೇಲೆ ಆ ಮನುಷ್ಯ ತಿಂದದ್ದು ಮೈಗೆ ಹತ್ತುವುದಿಲ್ಲ ಎಂಬ ನಂಬಿಕೆ. ಕೆಮ್ಮು, ಸುಸ್ತು, ದಿನದಿಂದ ದಿನಕ್ಕೆ ಸೊರಗುವುದು. ಗೊತ್ತಿದ್ದವರ ಹತ್ತಿರ ಹೋಗಿ ಮದ್ದು ತೆಗೆಸಿದರೆ ಗುಣವಾಗುತ್ತದೆ ಎನ್ನುತ್ತಾರೆ. ಕಾಯಿಲೆ ವಾಸಿ ಮಾಡುವ ಔಷಧಿಯೂ ನಮ್ಮ ಬಾಯಲ್ಲಿ ಮದ್ದೇ, ಕಾಯಿಲೆ ತರುವ ಈ ವಿಷವೂ ಮದ್ದೇ. ಮಾತು ಒಂದೇ ಆಗಿರುವುದರಿಂದ ಎಷ್ಟು ತೊಂದರೆ ಎಂದು ನಾನು ಆವತ್ತಿನವರೆಗೆ ಯೋಚಿಸಿರಲಿಲ್ಲ.

ಅತ್ತಿಗೆ ಪರೀಕ್ಷೆ ಮಾಡಿಯೇ ಬಿಟ್ಟರು. ಊರಿಂದ ತಂದಿದ್ದ ಯಾವುದೋ ಬಳ್ಳಿಯ ಸೊಪ್ಪನ್ನು ಕಿವುಚಿ, ರಸವನ್ನು ಇವರ ಅಂಗೈಗೆ ಹಿಂಡಿ, ಕೈ ಅಲುಗಿಸಬೇಡ ಎಂದು ಎದುರಿಗೆ ಕೂತರು. ಸ್ವಲ್ಪ ಹೊತ್ತಿಗೆ ರಸ ಗಟ್ಟಿಯಾಗಿ ಲೋಳೆಯಂತೆ ನಿಂತಿತು. "ನೋಡ್ದಾ?" ಎಂದು ನನ್ನ ಕಡೆ ತಿರುಗಿದರು. ನಾನು ಸುಮ್ಮನಿರಲಾರದೆ ನನ್ನ ಕೈಯನ್ನೂ ಚಾಚಿ, "ನನಗೂ ಹಾಕಿ ಅತ್ತಿಗೆ, ನೋಡೋಣ" ಎಂದೆ. ನನ್ನ ಅಂಗೈಯಲ್ಲೂ ಹಾಗೆಯೇ ಗಟ್ಟಿಯಾಯಿತು.

"ಅಂಗಾದ್ರೆ ನಿಂಗೂ ಹಾಕವ್ಳೆ" ಎಂದರು ಅತ್ತಿಗೆ.

ಹಾಕವ್ಳೆ ಎಂದದ್ದು ನನ್ನ ವಾರಗಿತ್ತಿಯ ಬಗ್ಗೆ, ಅಂದರೆ ನನ್ನ ಮೈದುನನ ಹೆಂಡತಿ. ಹಿಂದಿನ ವರ್ಷ ಪಿತೃಪಕ್ಷಕ್ಕೆ ಊರಿಗೆ ಹೋದಾಗ ಇವರಿಗೆ ಊಟ ಬಡಿಸಿದವಳು ಅವಳು. ಅದಕ್ಕೂ ಮುಂಚೆ ಹಿತ್ತಲಿನ ಜಾಗದ ವಿಷಯಕ್ಕೆ ಒಂದು ಮಾತು ಬಂದಿತ್ತು. ಅತ್ತಿಗೆಗೆ ಅಷ್ಟೇ ಸಾಕಾಯಿತು. ಈ ಮಾತು ಊರಲ್ಲಿ ಹರಡಿದ ಮೇಲೆ ಅವಳ ಮನೆಯಲ್ಲಿ ನೆಂಟರು ನೀರು ಕುಡಿಯುವುದನ್ನೂ ಬಿಟ್ಟರಂತೆ. ನಾನು ಅವಳ ಪರವಾಗಿಯೂ ಮಾತಾಡಲಿಲ್ಲ, ವಿರುದ್ಧವಾಗಿಯೂ ಮಾತಾಡಲಿಲ್ಲ. ದೇವರನ್ನು ನಂಬುವವಳು ನಾನು. ಮದ್ದನ್ನು ನಂಬುತ್ತೇನೋ ಇಲ್ಲವೋ ನನಗೇ ತಿಳಿದಿರಲಿಲ್ಲ.

ಇವರ ಕೆಲಸ ಎರಕದ ಕಾರ್ಖಾನೆಯಲ್ಲಿ. ದೊಡ್ಡ ಕಂಪನಿಯಲ್ಲ, ತಗಡಿನ ಮಾಡಿನ ಒಂದು ಶೆಡ್ಡು. ಮರಳಿನ ಅಚ್ಚಿಗೆ ಕಬ್ಬಿಣ ಹೊಯ್ದು, ಅದು ಆರಿದ ಮೇಲೆ ಅಚ್ಚು ಒಡೆದು, ಅಂಟಿಕೊಂಡ ಮರಳನ್ನು ಮೆಷಿನ್ನಿನಲ್ಲಿ ಉಜ್ಜಿ ತೆಗೆಯಬೇಕು. ಮದುವೆಯಾದಾಗಿನಿಂದ ಇವರದು ಆ ಉಜ್ಜುವ ಕೆಲಸವೇ. ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಬೂದು ಬಣ್ಣ. ಇವರ ಬಟ್ಟೆಯನ್ನು ನಾನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತೇನೆ. ನೀರು ಚೆಲ್ಲಿದರೆ ತಳದಲ್ಲಿ ನುಣ್ಣನೆಯ ಮರಳು ಉಳಿಯುತ್ತದೆ. ಕಾರ್ಖಾನೆಯಲ್ಲಿ ಸಂಜೆ ಹೊತ್ತು ಎಲ್ಲರಿಗೂ ಒಂದೊಂದು ತುಂಡು ಬೆಲ್ಲ ಕೊಡುತ್ತಾರೆ. ಧೂಳಿನ ಕೆಲಸದವರು ಬೆಲ್ಲ ತಿಂದರೆ ಗಂಟಲಿನ ಧೂಳೆಲ್ಲ ಕೆಳಗಿಳಿದು ಹೋಗುತ್ತದೆ ಎಂದು. ಭಾನುವಾರ ರಜೆಯಲ್ಲವೇ, ಆ ದಿನ ನಾನೇ ಮರೆಯದೆ ಕೊಡುತ್ತಿದ್ದೆ. ದೇವರಿಗೆ ನೈವೇದ್ಯ ಮಾಡಿದ ಬೆಲ್ಲವನ್ನೇ ಕೊಡುತ್ತಿದ್ದೆ, ಇನ್ನಷ್ಟು ಒಳ್ಳೆಯದಾಗಲಿ ಎಂದು.

ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಕಫ ಪರೀಕ್ಷೆ ಮಾಡಿಸಿ, ಟಿ.ಬಿ. ಅಲ್ಲ ಎಂದರು. ಆವತ್ತು ನಾನು ಆಂಜನೇಯನಿಗೆ ವಡೆಸರ ಹಾಕಿಸಿದೆ. ದೊಡ್ಡ ಆಸ್ಪತ್ರೆಗೆ ಹೋಗಿ ಎದೆಯ ಸ್ಕ್ಯಾನ್ ಮಾಡಿಸಿ ಎಂದೂ ಅವರು ಹೇಳಿದ್ದರು. ಅದಕ್ಕೆ ಇವರು ಹೂಂ ಅಂದರು, ಹೋಗಲಿಲ್ಲ. ಕೇಳಿದರೆ, "ರಜೆ ಕೊಡಲ್ಲ ಕಣೇ" ಎನ್ನುವರು. ಇನ್ನೊಮ್ಮೆ ಕೇಳಿದರೆ ಟಿವಿಯ ಸದ್ದು ಜಾಸ್ತಿ ಮಾಡುವರು.

ಅಂಥವರು ಅತ್ತಿಗೆ ದುರ್ಗದ ಮಾತು ಎತ್ತಿದ ಕೂಡಲೇ ಒಪ್ಪಿಕೊಂಡರು.

ಅತ್ತಿಗೆಯ ಊರಿಂದ ಸ್ವಲ್ಪ ದೂರದಲ್ಲಿ ಒಂದು ಬೆಟ್ಟವಿದೆ, ಅದನ್ನೇ ದುರ್ಗ ಎನ್ನುತ್ತಾರೆ. ಅದರ ಮೇಲೆ ಯಾವುದೋ ಕಾಲದ ಪಾಳೇಗಾರರ ಕೋಟೆ, ಈಗ ಹಾಳು ಬಿದ್ದಿದೆ. ಆ ಕೋಟೆಯಲ್ಲಿ ಮದ್ದಿನ ಮನೆ ಅಂತ ಒಂದಿದೆಯಂತೆ. ಅಲ್ಲಿನ ಮಣ್ಣನ್ನು ಶನಿವಾರ ಒಂದು ಚಿಟಿಕೆ ತೆಗೆದು ಹಾಲಿನಲ್ಲಿ ಕಲಸಿ ಕುಡಿಸಿದರೆ ಎಂಥ ಮದ್ದಾದರೂ ಇಳಿಯುತ್ತದಂತೆ. "ಹೆಸ್ರೇ ಹೇಳ್ತದಲ್ಲ, ಮದ್ದಿನ ಮನೆ ಅಂತ" ಎಂದರು ಅತ್ತಿಗೆ. ಒಂದೇ ಒಂದು ಕಟ್ಟುಪಾಡು. ಮಣ್ಣು ತೆಗೆದವರು ಅದು ರೋಗಿಯ ಬಾಯಿಗೆ ಬೀಳುವವರೆಗೂ ಯಾರ ಜೊತೆಯೂ ಮಾತಾಡಬಾರದು. ಮಾತಾಡಿದರೆ ಮಣ್ಣು ಬರೀ ಮಣ್ಣಾಗುತ್ತದೆ.

ಶುಕ್ರವಾರವೇ ಅತ್ತಿಗೆಯ ಊರಿಗೆ ಹೋಗಿದ್ದು ಬೆಳಿಗ್ಗೆ ಬೇಗ ಬೆಟ್ಟದ ಬುಡ ತಲುಪಿದೆವು. ಅತ್ತಿಗೆಯ ಕೈಯಲ್ಲಿ ಕಾಯಿಸಿ ಆರಿಸಿದ ಹಾಲಿನ ಬಾಟಲಿ. ನನ್ನ ಬುಟ್ಟಿಯಲ್ಲಿ ಹೂವು, ಕರ್ಪೂರ, ಬಾಳೆಹಣ್ಣು. ಮೋಡ ಕವಿದು ಬಿಸಿಲಿರಲಿಲ್ಲ. ಇದೊಂದು ದೇವರು ನಡೆಸಿಕೊಟ್ಟ ಅಂದುಕೊಂಡೆ. ಕೆಳಗಿನ ಹೆಬ್ಬಾಗಿಲಿನ ಪಕ್ಕದ ಬಂಡೆಯಲ್ಲಿ ಆಂಜನೇಯನನ್ನು ಕೆತ್ತಿದ್ದಾರೆ. ಹೂವು ಏರಿಸಿದೆ. ಯಾವತ್ತೋ ಹಚ್ಚಿದ ಸಿಂಧೂರ ಒಣಗಿ ಬಿರುಕು ಬಿಟ್ಟಿತ್ತು. ಇವರು ಕೈ ಮುಗಿದು ನಿಂತಾಗ ಉಸಿರು ಶಿಳ್ಳೆ ಹೊಡೆದಂತೆ ಬರುತ್ತಿತ್ತು. ಇನ್ನೂ ಹತ್ತಲು ಶುರುವೇ ಮಾಡಿರಲಿಲ್ಲ.

ಮೆಟ್ಟಿಲುಗಳೆಂದರೆ ಬಂಡೆಯನ್ನೇ ಕಡಿದು ಮಾಡಿದ ಹೆಜ್ಜೆಗಳು. ಸವೆದು ನುಣುಪಾಗಿವೆ. ಇವರು ಸ್ವಲ್ಪ ಹತ್ತುವರು, ನಿಲ್ಲುವರು, ಕೋಟೆಯ ಗೋಡೆಯನ್ನು ನೋಡುತ್ತಿರುವವರ ಹಾಗೆ ಮಾಡುವರು. "ನೋಡು, ಗಾರೆ ಇಲ್ದೇನೇ ಹೆಂಗೆ ಕೂರ್ಸವ್ರೆ ಕಲ್ಲು" ಎನ್ನುವರು. ನನಗೆ ಗೊತ್ತಾಗುತ್ತಿತ್ತು, ಅದು ಕಲ್ಲು ನೋಡುವುದಕ್ಕಲ್ಲ. ಅತ್ತಿಗೆ ಮುಂದೆ ಹೋಗಿ ತಿರುಗಿ, "ಹೆಣ್ಣೆಂಗ್ಸು ನಾವೇ ಹತ್ತುತಾ ಇದ್ದೀವಿ, ನಿಂಗೇನೋ ಬಂದಿರೋದು" ಎಂದು ತಮಾಷೆ ಮಾಡಿದರು. ಇವರು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಗೋಡೆಗೆ ಆನಿಕೊಂಡು ಬಗ್ಗಿದರು. ಬೆನ್ನು ನೀವುತ್ತಾ ನಿಂತಾಗ ಗೋಡೆಯನ್ನು ಹಿಡಿದ ಅವರ ಕೈ ಕಣ್ಣಿಗೆ ಬಿತ್ತು. ಉಗುರುಗಳು ನೀಲಿಯಾಗಿದ್ದವು.

ಎರಡನೆಯ ಬಾಗಿಲ ಹತ್ತಿರ ಬರುವಷ್ಟರಲ್ಲಿ ಅವರಿಂದ ಆಗಲಿಲ್ಲ. ಬಾಗಿಲ ಒಳಗೆ ಎರಡೂ ಕಡೆ ಕಾವಲಿನವರಿಗಾಗಿ ಕಟ್ಟಿದ ಕಲ್ಲಿನ ಜಗಲಿ. ಅಲ್ಲಿ ಕೂತುಬಿಟ್ಟರು.

"ನೀವು ಹೋಗ್ಬನ್ನಿ. ಮಣ್ಣು ತಾನೇ ಬೇಕಾಗಿರೋದು, ನಾನ್ಯಾಕೆ" ಎಂದರು.

"ವಾಪಸ್ ಹೋಗಿಬಿಡೋಣ ರೀ."

"ಇಷ್ಟು ದೂರ ಬಂದು? ಹೋಗ್ಬಾ ಅಂದ್ನಲ್ಲ."

ಆ ಬಾಗಿಲ ಪಕ್ಕದಲ್ಲೇ ಕುಸಿದ ಗೋಡೆಯನ್ನು ದುರಸ್ತಿ ಮಾಡುತ್ತಿದ್ದರು. ಉತ್ತರ ಕರ್ನಾಟಕದ ಕಡೆಯ ಗಂಡ ಹೆಂಡತಿ. ಅವನು ಜನರೇಟರಿಗೆ ತಂತಿ ಕೊಟ್ಟು ಮೆಷಿನ್ನಿನಲ್ಲಿ ಕಲ್ಲು ಕೊಯ್ಯುತ್ತಿದ್ದ, ಅವಳು ಚೂರು ಕಲ್ಲುಗಳನ್ನು ಬಾಂಡ್ಲಿಯಲ್ಲಿ ತುಂಬಿ ಸಾಗಿಸುತ್ತಿದ್ದಳು. "ಸ್ವಲ್ಪ ಇವರನ್ನ ನೋಡ್ಕೊಳ್ಳಮ್ಮ" ಎಂದು ಅವಳಿಗೆ ಹೇಳಿ ನಾನು ಅತ್ತಿಗೆಯ ಹಿಂದೆ ಹೊರಟೆ.

ಮೇಲೆ ಕೋಟೆ ಎನ್ನುವಂಥದ್ದು ಏನೂ ಉಳಿದಿಲ್ಲ. ಗೋಡೆಯ ಸಾಲುಗಳು, ಮುಳ್ಳುಪೊದೆ, ಬಂಡೆಯ ಮೇಲಿನ ದೊಣೆಯಲ್ಲಿ ಹಸಿರು ನೀರು, ತೇಲುವ ಚಿಪ್ಸ್ ಪೊಟ್ಟಣ. ಅರಮನೆಯಿತ್ತು ಎನ್ನುವ ಜಾಗದಲ್ಲಿ ಮೇಕೆ ಹಿಕ್ಕೆ. ಎಷ್ಟು ಜನ ಇಲ್ಲಿ ಬಾಳಿರಬೇಕು, ಎಷ್ಟು ಜನ ಗೃಹಿಣಿಯರು ಒಲೆ ಹಚ್ಚಿರಬೇಕು, ಒಂದು ಕಲ್ಲಿನ ಒಲೆಯೂ ಉಳಿಯಲಿಲ್ಲವಲ್ಲ ಅನ್ನಿಸಿತು. ಮದ್ದಿನ ಮನೆ ಮಾತ್ರ ಎಲ್ಲದರಿಂದ ದೂರ, ಒಂಟಿಯಾಗಿ ನಿಂತಿತ್ತು. ದಪ್ಪ ಗೋಡೆ, ಕಿಟಕಿಯೇ ಇಲ್ಲ, ತಲೆ ತಗ್ಗಿಸಿ ಹೋಗಬೇಕಾದ ಬಾಗಿಲು. ಹೊಸ್ತಿಲ ಮೇಲೆ ಅರಿಸಿನ ಕುಂಕುಮ, ಸುಟ್ಟ ಬತ್ತಿಗಳು, ಒಡೆದ ಹಸಿರು ಬಳೆ. ಎಷ್ಟೋ ಜನ ಬಂದು ಹೋಗಿದ್ದಾರೆ. ಒಳಗೆ ಬಾವಲಿಯ ಹೇಸಿಗೆ ನಾತ, ನೆಲವೆಲ್ಲ ಬೆರಳುಗಳಿಂದ ಕೆದಕಿ ಕೆದಕಿ ಗುಳಿ ಬಿದ್ದಿತ್ತು. ಒಂದೊಂದು ಗುಳಿಯೂ ಒಬ್ಬೊಬ್ಬರ ಮನೆಯ ಸಂಕಟ.

ಹೊರಗೆ ತುಕ್ಕು ಹಿಡಿದ ನೀಲಿ ಬೋರ್ಡು ಇತ್ತು. ಅತ್ತಿಗೆಗೆ ಓದಲು ಬಾರದು. "ಏನು ಬರ್ದವ್ರೆ, ಎಷ್ಟು ತಗೋಬೇಕು ಅಂತ ಏನಾರ ಹಾಕವ್ರಾ ನೋಡು" ಎಂದರು.

ನಾನು ಓದಿದೆ. ಮತ್ತೊಮ್ಮೆ ಓದಿದೆ.

"ಏನಮ್ಮಾ?"

"ಇಲ್ಲಿ ಫಿರಂಗಿಗೆ, ಬಂದೂಕಿಗೆ ಹಾಕೋ ಮದ್ದು ಇಡ್ತಿದ್ರಂತೆ ಅತ್ತಿಗೆ. ಅದಕ್ಕೇ ಮದ್ದಿನ ಮನೆ. ಪಟಾಕಿ ಮದ್ದು ಇರುತ್ತಲ್ಲ, ಅಂಥದ್ದು. ಔಷಧಿ ಅಲ್ಲ."

ಅತ್ತಿಗೆ ಬೋರ್ಡನ್ನೇ ನೋಡುತ್ತಾ ನಿಂತರು. ನಾನು ಈಗ ಹಿಂತಿರುಗಿ ಹೋಗೋಣ ಎನ್ನುತ್ತಾರೆ ಅಂದುಕೊಂಡೆ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಅದೂ ಉರಿಯೋದೇ, ಹೊಟ್ಟೇಲಿರೋದೂ ಉರ್ಸೋದೇ. ಬಲವಾದ್ದನ್ನ ಬಲವಾದ್ದೇ ಓಡ್ಸಬೇಕು. ಇಷ್ಟು ಜನ ಬಂದೋಗವ್ರೆ, ಅವ್ರೆಲ್ಲ ದಡ್ಡರಾ?"

"ಅವ್ರು ಬೋರ್ಡು ಓದಿಲ್ವೇನೋ."

"ಓದ್ದೋರೂ ಬಂದವ್ರೆ ಕಣವ್ವ. ಕಾರಲ್ಲೂ ಬಂದವ್ರೆ. ಸಂಕಟ ಬಂದ್ರೆ ಓದಿದ್ದು ನೆನಪಿರಲ್ಲ." ಬಾಗಿಲ ಹತ್ತಿರ ಹೋಗಿ ಮತ್ತೆ ತಿರುಗಿದರು. "ಇನ್ನು ಮಾತಾಡ್ಬೇಡ. ಅವ್ನು ಕುಡಿಯೋವರ್ಗೂ ಬಾಯಿ ಬಿಡ್ಬೇಡ."

ಒಳಗೆ ಹೋಗಿ, ದೇವರಿಗೆ ನಮಸ್ಕರಿಸುವಂತೆ ನೆಲ ಮುಟ್ಟಿ, ಒಂದು ಚಿಟಿಕೆಯಲ್ಲ, ಒಂದು ಹಿಡಿ ಮಣ್ಣನ್ನೇ ಸೆರಗಿನ ಅಂಚಿಗೆ ಕಟ್ಟಿಕೊಂಡರು. ಚಿಕ್ಕಂದಿನಲ್ಲಿ ತಾಯಿ ಹೋದ ಮೇಲೆ ತಮ್ಮನನ್ನು ಎತ್ತಿ ಆಡಿಸಿದ ಕೈ ಅದು. ಅದರ ಮುಂದೆ ಬೋರ್ಡಿನ ಅಕ್ಷರ ಹಿಡಿದು ವಾದಿಸಲು ನನಗೆ ಮನಸ್ಸು ಬರಲಿಲ್ಲ. ಇಬ್ಬರೂ ಬಾಯಿ ಮುಚ್ಚಿಕೊಂಡು ಇಳಿದೆವು. ಮಾತಾಡಬಾರದು ಎಂದರೆ ನೂರು ಮಾತು ಬರುತ್ತವೆ. ನಾನು ಮನಸ್ಸಿನಲ್ಲೇ ರಾಮನಾಮ ಹೇಳಿಕೊಂಡೆ. ಅದಕ್ಕೆ ಅಡ್ಡಿಯಿರಲಾರದು.

ಎರಡನೆಯ ಬಾಗಿಲ ಹತ್ತಿರ ಬಂದಾಗ ಮೆಷಿನ್ನಿನ ಸದ್ದು ನಿಂತಿತ್ತು. ಕಲ್ಲು ಕೊಯ್ಯುವವನು ಇವರ ಎದುರಿನ ಜಗಲಿಯಲ್ಲಿ ಕೂತು ನೀರು ಕುಡಿಯುತ್ತಿದ್ದ. ಅವನ ರೆಪ್ಪೆಗಳ ಮೇಲೆ ಬಿಳಿ ಪುಡಿ. ಇಬ್ಬರಿಗೂ ನಾವು ಬಂದದ್ದು ಕಾಣಿಸಲಿಲ್ಲ. ಇವರು ಒಂದೊಂದು ಮಾತಿಗೂ ಉಸಿರು ಎಳೆದುಕೊಂಡು ಹೇಳುತ್ತಿದ್ದರು.

"ನೀರು ಹಾಕ್ಕೊಂಡು ಕೊಯ್ಯಪ್ಪ... ಧೂಳು ಏಳಲ್ಲ."

"ನೀರ ಎಲ್ಲೈತ್ರಿ ಯಣ್ಣಾ ಇಲ್ಲಿ. ಕುಡಿಯಾಕ ಬೇಕಂದ್ರನ ಇಕಿ ಕೆಳಗಿಂದ ಹೊತ್ತ ತರ್ತಾಳ."

"ಮೂಗಿಗೆ ಬಟ್ಟೆನಾದ್ರೂ ಕಟ್ಕೋ."

"ಸೆಕಿ ಆಗತೈತ್ರಿ. ಏನಾಗಂಗಿಲ್ಲ ಬಿಡ್ರಿ, ದಿನಾ ಸಂಜೀಕ ಬೆಲ್ಲ ತಿಂತೇನಿ. ಹೊಟ್ಟ್ಯಾಗಿಂದೆಲ್ಲ ತೊಳಕೊಂಡ ಹೋಕ್ಕೈತಿ."

ಇವರು ಆ ಮನುಷ್ಯನ ರೆಪ್ಪೆಯ ಮೇಲಿನ ಪುಡಿಯನ್ನು ನೋಡಿದರು.

"ನಾನೂ ತಿಂದೆ" ಎಂದರು.

ಅವನಿಗೆ ಅರ್ಥವಾಗಲಿಲ್ಲ. ಇವರು ಎದೆಯ ಮೇಲೆ ಕೈ ಇಟ್ಟುಕೊಂಡರು. "ಹೊಟ್ಟೆಗೆ ಹೋಗಿರೋದನ್ನ ಬೆಲ್ಲ ತೊಳೆಯುತ್ತೆ. ಇಲ್ಲಿಗೆ ಹೋಗಿರೋದನ್ನ ಯಾವ್ದೂ ತೊಳೆಯಲ್ಲ. ನನ್ ಜೊತೇಲಿ ಇಬ್ರು ಉಜ್ತಿದ್ರು. ಒಬ್ಬ ಹೋದ. ಇನ್ನೊಬ್ಬ ಊರಿಗೋಗಿ ಹೋದ. ಅವರೂ ತಿಂತಿದ್ರು."

ನಾನು ಗೋಡೆಯ ಮರೆಯಲ್ಲೇ ನಿಂತೆ. ಆ ಇಬ್ಬರೂ ನಮ್ಮ ಮನೆಗೆ ಬಂದು ಊಟ ಮಾಡಿದ್ದವರು. ಒಬ್ಬರಿಗೆ ಟಿ.ಬಿ., ಇನ್ನೊಬ್ಬರಿಗೆ ಕುಡಿತ ಎಂದು ಇವರೇ ನನಗೆ ಹೇಳಿದ್ದರು. ಕೂಗಿ ಕೇಳಬೇಕು ಅನ್ನಿಸಿತು. ಅತ್ತಿಗೆ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದರು, ಅವರ ಬಾಯಿ ಮುಚ್ಚಿಯೇ ಇತ್ತು. ಆ ಕಟ್ಟುಪಾಡು ಇಲ್ಲದಿದ್ದರೆ ನಾವು ದೂರದಿಂದಲೇ ಮಾತಾಡುತ್ತಾ ಬರುತ್ತಿದ್ದೆವು, ಇವರು ಎಂದಿನಂತೆ ಮಾತು ನುಂಗಿಕೊಳ್ಳುತ್ತಿದ್ದರು. ಅದಕ್ಕಾದರೂ ಆ ಮಣ್ಣು ಉಪಯೋಗಕ್ಕೆ ಬಂತು ಎಂದು ಈಗ ಅನ್ನಿಸುತ್ತದೆ.

ಅತ್ತಿಗೆ ಮುಂದೆ ಹೋದರು. ಇವರ ಪಕ್ಕ ಕೂತು, ಸೆರಗಿನ ಗಂಟು ಬಿಚ್ಚಿ, ಹಾಲಿನ ಬಾಟಲಿಯ ಮುಚ್ಚಳ ತೆಗೆದರು. ಮಾತಿಲ್ಲ, ಕಣ್ಣಲ್ಲೇ ಬೇಡಿಕೊಂಡರು. ಇವರು ಬಾಟಲಿಯನ್ನು ಮುಟ್ಟಲಿಲ್ಲ. ಸೆರಗಿನಿಂದ ಮಣ್ಣನ್ನು ಎರಡು ಬೆರಳಲ್ಲಿ ತೆಗೆದು, ಕಾರ್ಖಾನೆಯಲ್ಲಿ ಮರಳು ನೋಡುವಂತೆ ಉಜ್ಜಿ ನೋಡಿದರು. ಆರಿದ ಪುಡಿ ಬೆರಳ ಸಂದಿಯಿಂದ ಉದುರಿತು.

"ಇದು ಧೂಳು ಕಣಕ್ಕ. ಧೂಳು ಕುಡಿದೇ ಇಂಗಾಗಿರೋದು ನಾನು. ಮತ್ತೆ ಧೂಳು ಕುಡಿಸ್ತೀಯಾ?"

ಅತ್ತಿಗೆ ತಲೆ ಅಲ್ಲಾಡಿಸಿ ಬಾಟಲಿಯನ್ನು ಇನ್ನೂ ಹತ್ತಿರ ಹಿಡಿದರು.

"ನಂಗೆ ಗೊತ್ತಿತ್ತು ಕಣಕ್ಕ. ಅವ್ರಿಬ್ರೂ ಹೋದಾಗ್ಲೇ ಗೊತ್ತಾಯ್ತು. ನೀನು ಮದ್ದು ಅಂದೆ. ಮದ್ದಾದ್ರೆ ತೆಗ್ಸಬೋದಲ್ಲ ಅಂತ..." ಕೆಮ್ಮು ಬಂದು ಮಾತು ಕಡಿದುಹೋಯಿತು. ಅದು ನಿಂತ ಮೇಲೆ ಮುಗಿಸಿದರು. "ಆಸೆ ಕಣಕ್ಕ. ಮದ್ದೇ ಆಗಿದ್ರೆ ಎಷ್ಟು ಚೆನ್ನಾಗಿತ್ತು."

ನಿಂತಲ್ಲೇ ನನಗೆ ಎಲ್ಲ ತಿಳಿಯಿತು. ಆಸ್ಪತ್ರೆಗೆ ರಜೆ ಇಲ್ಲದವರಿಗೆ ದುರ್ಗಕ್ಕೆ ರಜೆ ಸಿಕ್ಕಿದ್ದು ಹೇಗೆ ಎಂದು. ಆಸ್ಪತ್ರೆಯಲ್ಲಿ ಕೇಳಬೇಕಾದ ಮಾತು ಅವರಿಗೆ ಬೇಡವಾಗಿತ್ತು.

ಅತ್ತಿಗೆ ಆಗ ಬಾಯಿ ಬಿಟ್ಟರು. ಮಣ್ಣು ಬರೀ ಮಣ್ಣಾದರೂ ಆಗಲಿ ಎಂದು ತೀರ್ಮಾನಿಸಿದವರ ಹಾಗೆ ನಿಧಾನವಾಗಿ ಕೇಳಿದರು.

"ಸಾಯ್ತೀಯೇನೋ?"

"ಗೊತ್ತಿಲ್ಲ ಕಣಕ್ಕ."

ಅತ್ತಿಗೆ ಸೆರಗನ್ನು ಜಗಲಿಯಾಚೆ ಕೊಡವಿದರು. ಅಳಲಿಲ್ಲ. ಇವರೇ ಬಾಟಲಿಗೆ ಕೈ ಚಾಚಿ, "ಹಾಲು ಕೊಡು, ಮಣ್ಣು ಬೇಡ. ಹಸಿವಾಗ್ತಾ ಇದೆ" ಎಂದರು. ಹಾಲು ಕುಡಿದರು. ನಾನು ಬಾಳೆಹಣ್ಣು ಸುಲಿದು ಕೊಟ್ಟೆ, ಅದನ್ನೂ ತಿಂದರು. ಎಷ್ಟೋ ದಿನದ ಮೇಲೆ ಕೇಳಿ ತಿಂದದ್ದು. ಅಷ್ಟರ ಮಟ್ಟಿಗೆ ಆಂಜನೇಯ ಕೈ ಬಿಡಲಿಲ್ಲ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ಕಾಲು ನಡುಗಿ ನಿಲ್ಲುತ್ತಿರಲಿಲ್ಲ. ಕಲ್ಲು ಕೊಯ್ಯುವವನು ಮೆಷಿನ್ನಿನ ತಂತಿ ಕಿತ್ತು ಬಂದ. "ಬರ್ರಿ ಯಣ್ಣಾ, ನಾ ಹೊರ್ತೇನಿ. ಕಲ್ಲ ಹೊತ್ತ ಬೆನ್ನೈತಿ, ನೀವೇನ್ ಭಾಳ ಭಾರ ಇಲ್ಲ" ಎಂದು ಇವರನ್ನು ಬೆನ್ನ ಮೇಲೆ ಹಾಕಿಕೊಂಡ. ಮದುವೆಯಾದ ಹೊಸತರಲ್ಲಿ ಅಕ್ಕಿ ಮೂಟೆಯನ್ನು ಒಂದೇ ಭುಜದ ಮೇಲೆ ಇಟ್ಟುಕೊಂಡು ಮನೆಗೆ ಬಂದ ಮನುಷ್ಯ, ಇನ್ನೊಬ್ಬರ ಬೆನ್ನ ಮೇಲೆ ಕಾಲು ಇಳಿಬಿಟ್ಟುಕೊಂಡು ಬೆಟ್ಟ ಇಳಿದರು. ನಾನು ಹಿಂದಿನಿಂದ ಅವರ ಚಪ್ಪಲಿ ಹಿಡಿದುಕೊಂಡು ನಡೆದೆ. ಆ ಹೆಣ್ಣುಮಗಳು ನನ್ನ ಜೊತೆಗೇ ಬಂದಳು. ನಡುವೆ ಒಂದೇ ಒಂದು ಮಾತು ಕೇಳಿದಳು, "ಯಕ್ಕಾ, ಖರೇನ ಬೆಲ್ಲ ತಿಂದ್ರ ಹೋಗಂಗಿಲ್ಲೇನ್ರಿ?" ನಾನು ಇಲ್ಲಮ್ಮ ಎಂದೆ. ಅವಳು ಬೇಗ ಬೇಗ ಹೆಜ್ಜೆ ಹಾಕಿ ಗಂಡನ ಪಕ್ಕಕ್ಕೆ ಹೋದಳು.

ಬಸ್ಸಿನಲ್ಲಿ ಇವರು ನನ್ನ ಭುಜಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಅತ್ತಿಗೆ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ ಕೂತು ತಮ್ಮನ ಮುಖವನ್ನೇ ನೋಡುತ್ತಿದ್ದರು. ಅವರ ಊರಿನ ನಿಲ್ದಾಣ ಹತ್ತಿರ ಬಂದಾಗ ನನ್ನನ್ನು ಕೇಳಿದರು:

"ಆ ಹೆಣ್ಣಿಗೆ ಏನು ಹೇಳ್ಲಿ ನಾನೀಗ?"

ವಾರಗಿತ್ತಿಯ ಬಗ್ಗೆ ಕೇಳಿದ್ದು. "ಹೋಗಿ ಒಂದು ತುತ್ತು ಊಟ ಮಾಡಿ ಬನ್ನಿ ಅವಳ ಮನೇಲಿ. ಮಾತೇನೂ ಬೇಡ" ಎಂದೆ. ಅತ್ತಿಗೆ ಹಾಗೆಯೇ ಮಾಡಿದರಂತೆ. ಅವಳು ಮುದ್ದೆ ಬಡಿಸಿ, "ನೋಡ್ಕೊಂಡು ತಿನ್ನಿ, ಏನಾದ್ರೂ ಹಾಕಿರ್ತೀನಿ" ಎಂದಳಂತೆ. ಅತ್ತಿಗೆ ತಲೆಯೆತ್ತದೆ ತಿಂದು ಬಂದರಂತೆ. ಅಂದಿದ್ದು ಹೆಚ್ಚಲ್ಲ. ನಾನಾಗಿದ್ದರೆ ಇನ್ನೂ ಅನ್ನುತ್ತಿದ್ದೆ.

ಸೋಮವಾರ ಎದೆಯ ಕಾಯಿಲೆಗಳ ದೊಡ್ಡ ಆಸ್ಪತ್ರೆಗೆ ಹೋದೆವು. ಈ ಸಲ ಇವರೇ ನನಗಿಂತ ಮೊದಲು ಶರ್ಟು ಹಾಕಿಕೊಂಡು ಕೂತಿದ್ದರು. ಅಲ್ಲಿನ ಲೇಡಿ ಡಾಕ್ಟರು ಹೆಸರು ಕೇಳಿದ ಮೇಲೆ, ಕಾಯಿಲೆ ಏನು ಎಂದು ಕೇಳುವ ಮೊದಲು, ಕೆಲಸ ಏನು ಎಂದು ಕೇಳಿದರು. ಇವರು ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟರು. ಸ್ಕ್ಯಾನ್ ಬಂದ ಮೇಲೆ ನನಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು. ಮರಳಿನ ಕಣ ಶ್ವಾಸಕೋಶದ ಒಳಗೆ ಕೂತಿದೆ, ಅದರ ಸುತ್ತ ಗಾಯ ಕಟ್ಟಿ ಒಣಗಿದೆ, ಆ ಜಾಗಕ್ಕೆ ಇನ್ನು ಗಾಳಿ ಹೋಗುವುದಿಲ್ಲ. ತೆಗೆಯಲು ಬರುವುದಿಲ್ಲ. ಉಳಿದಿರುವುದನ್ನು ಉಳಿಸಿಕೊಳ್ಳಬೇಕು ಅಷ್ಟೇ. ನಾನು "ಎಷ್ಟು ದಿನ" ಎಂದು ಕೇಳಲಿಲ್ಲ. ಕೇಳದೇ ಇರುವುದಕ್ಕೂ ಶಕ್ತಿ ಬೇಕು, ಅದನ್ನು ದೇವರು ಕೊಟ್ಟ.

ಈಗ ಇವರು ಕಾರ್ಖಾನೆಗೆ ಹೋಗುವುದಿಲ್ಲ. ನಾನು ಬೆಳಿಗ್ಗೆ ಎರಡು ಮನೆಗೆ ಅಡುಗೆ ಮಾಡಿಕೊಟ್ಟು ಬರುತ್ತೇನೆ. ಮನೆಯಲ್ಲಿ ಆಕ್ಸಿಜನ್ ಕೊಡುವ ಗಾಳಿಯ ಮೆಷಿನ್ ಇಟ್ಟಿದ್ದೇವೆ. ಕರೆಂಟು ಹೋದರೆ ಇವರು ಗಾಬರಿಯಾಗುತ್ತಾರೆ, ಆಗ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ಬೀಸಣಿಗೆಯಲ್ಲಿ ಬೀಸುತ್ತೇನೆ. ಅದರಿಂದ ಏನೂ ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಕೆಲವು ದಿನ ಎದ್ದು ತಾವೇ ಸ್ನಾನ ಮಾಡಿಕೊಳ್ಳುತ್ತಾರೆ, ಅಂಥ ದಿನ ನಾನು ಬೇರೇನೂ ಬೇಡುವುದಿಲ್ಲ.

ಬೆಟ್ಟದಿಂದ ಬಂದ ಮೇಲೆ ಇವರಿಗೆ ಒಂದು ಹಟ ಹಿಡಿದಿದೆ. ದಿನಕ್ಕೆ ಒಬ್ಬರಿಗಾದರೂ ಫೋನ್ ಮಾಡುತ್ತಾರೆ. ಶೆಡ್ಡಿನಲ್ಲಿ ಈಗ ಉಜ್ಜುವ ಕೆಲಸ ಮಾಡುವವರು, ಬಿಟ್ಟು ಬೇರೆ ಕಡೆ ಹೋದವರು, ಹೆಬ್ಬಗೋಡಿಯ ಕಡೆ ಇಂಥದ್ದೇ ಕೆಲಸಕ್ಕೆ ಸೇರಿದವರು. ಒಂದೇ ಮಾತು, ಎದೆ ಫೋಟೊ ತೆಗೆಸು. ಇರುವ ಉಸಿರು ಅಷ್ಟು, ಅದನ್ನು ಯಾಕೆ ಹೀಗೆ ಖರ್ಚು ಮಾಡುತ್ತೀರಿ ಎಂದು ನಾನು ಬೈದಿದ್ದೇನೆ. ಹೆಚ್ಚಿನವರು ಹೂಂ ಅಣ್ಣ ಎಂದು ಫೋನ್ ಇಡುತ್ತಾರೆ. ಒಬ್ಬ, "ನಿಮಗೇನಣ್ಣ, ಮನೇಲಿ ಕೂತಿದ್ದೀರ, ನಮಗೆ ಹೊಟ್ಟೆಪಾಡು" ಎಂದ. ಆವತ್ತೆಲ್ಲ ಇವರು ಗೋಡೆ ಕಡೆ ತಿರುಗಿ ಮಲಗಿದ್ದರು. ಮರುದಿನ ಮತ್ತೆ ಫೋನ್ ಹಿಡಿದರು.

ಹೋದ ಭಾನುವಾರ ಒಬ್ಬ ಮನೆಗೇ ಬಂದ. ಇವರ ಜಾಗಕ್ಕೆ ಬಂದಿರುವವನು. ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ, ಆದರೂ ಕಿವಿಯ ಸುರುಳಿಯಲ್ಲಿ ಬೂದು ಉಳಿದಿತ್ತು. ಒಳಗೆ ಬಾ ಎಂದರೂ ಬಾರದೆ ಬಾಗಿಲ ಹತ್ತಿರ ಕೂತ. ಗಾಳಿಯ ಮೆಷಿನ್ನನ್ನು ನೋಡಿದ, ಇವರ ಮೂಗಿನ ನಳಿಗೆಯನ್ನು ನೋಡಿದ, ಕಣ್ಣು ಕೆಳಗೆ ಮಾಡಿದ. ನಾನು ಕಾಫಿ ಮಾಡಲು ಒಳಗೆ ಬಂದೆ. ಹೊರಗೆ ಅವನ ದನಿ ಕೇಳಿಸಿತು.

"ಮೊದಲು ಹೆಂಗೆ ಶುರುವಾಯ್ತಣ್ಣ ನಿಮಗೆ?"

ಇವರು ಹೇಳತೊಡಗಿದರು. ಒಂದು ಮಾತು, ಉಸಿರು, ಇನ್ನೊಂದು ಮಾತು. ಬಸ್ಸು ಹಿಡಿಯಲು ಓಡಿದಾಗ ಎದೆ ಬಿಗಿದದ್ದು. ಅಡುಗೆ ಗ್ಯಾಸಿನ ಸಿಲಿಂಡರು ಎತ್ತುವಾಗ ಹೆಂಡತಿಯ ಎದುರಿಗೆ ನಿಲ್ಲಲಾರದೆ ಆಚೆ ಹೋಗಿ ಕೂತದ್ದು. ಅದು ಯಾವಾಗಿನದು ಎಂದು ಹೇಳಿದರು. ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಹಿಂದಿನದು. ಆಗ ನಾನು ದಿನವೂ ಇವರ ಬಟ್ಟೆ ಒಗೆಯುತ್ತಾ, ಆರೋಗ್ಯವಾಗಿದ್ದಾರೆ, ದೇವರ ದಯೆ, ಎಂದುಕೊಳ್ಳುತ್ತಿದ್ದೆ.

ಕಾಫಿ ಎರಡು ಲೋಟಕ್ಕೆ ಬಗ್ಗಿಸಿ ಬಾಗಿಲ ಹಿಂದೆಯೇ ನಿಂತೆ. ಹೋದರೆ ಮಾತು ನಿಲ್ಲಿಸಿಬಿಡುತ್ತಾರೆ. ಆ ಮನುಷ್ಯ ಪೂರ್ತಿ ಕೇಳಿಕೊಂಡು ಹೋಗಲಿ ಎಂದು, ಕಾಫಿ ಆರಿದರೂ ಆರಲಿ ಎಂದು, ಅಲ್ಲೇ ನಿಂತಿದ್ದೆ.